ಮೊದಲು ಟ್ರ್ಯಾಕ್, ಆಮೇಲೆ ಫಿರಂಗಿ

ಕೇಳುಗರೇ, ನಮಸ್ಕಾರ.

ರೇಡಿಯೊ ನಿಯಂತ್ರಣದ ಟ್ಯಾಂಕ್ ಅಂದ ಕೂಡಲೇ ಮಕ್ಕಳ ಆಟಿಕೆ ನೆನಪಾಗುತ್ತದೆ ಅಲ್ವಾ? ನಾನು ಹೇಳಹೊರಟಿರುವುದು ಅಸಲಿ ಟ್ಯಾಂಕಿನ ಆರನೇ ಒಂದರಷ್ಟು ಅಳತೆಯಲ್ಲಿ, ಎಲ್ಲವನ್ನೂ ಕೈಯಾರೆ ಮಾಡಿ ಕಟ್ಟುವ ಮಾದರಿಯ ಬಗ್ಗೆ.

ಎರಡನೇ ಮಹಾಯುದ್ಧದ ಅಮೆರಿಕದ ಶೆರ್ಮನ್ ಟ್ಯಾಂಕನ್ನೇ ತೆಗೆದುಕೊಳ್ಳಿ. ಉದ್ದ ಸುಮಾರು 5.8 ಮೀಟರ್, ತೂಕ 30 ಟನ್ ಆಸುಪಾಸು. ಆರನೇ ಒಂದಕ್ಕೆ ಇಳಿಸಿದರೆ ಉದ್ದ ಒಂದು ಮೀಟರಿಗೆ ತುಸು ಕಮ್ಮಿ. ತೂಕ ಮಾತ್ರ 216 ಪಟ್ಟು ಇಳಿಯುತ್ತದೆ, ಯಾಕೆಂದರೆ ಉದ್ದ, ಅಗಲ, ಎತ್ತರ ಮೂರೂ ಕುಗ್ಗುತ್ತವೆ. ಆದರೂ ಲೆಕ್ಕಕ್ಕೆ 140 ಕಿಲೊ ಹತ್ತಿರ ಬರುತ್ತದೆ! ಪ್ಲೈವುಡ್, ಅಲ್ಯೂಮಿನಿಯಂ ಬಳಸಿ ಎಷ್ಟು ಹಗುರ ಮಾಡಿದರೂ ಸುಲಭಕ್ಕೆ ಎತ್ತಿಡುವ ಸಾಮಾನಲ್ಲ ಅದು.

ಎಲ್ಲರಿಗೂ ಮೊದಲು ಗೋಪುರ, ಫಿರಂಗಿ ಮಾಡುವ ಆಸೆ. ದಯವಿಟ್ಟು ಅದನ್ನು ತಡೆದುಕೊಳ್ಳಿ. ಮೊದಲು ಟ್ರ್ಯಾಕ್ ಮಾಡಿ, ಅಂದರೆ ಚಕ್ರಗಳ ಸುತ್ತ ಸುತ್ತುವ ಕೊಂಡಿಗಳ ಪಟ್ಟಿ. ಟ್ಯಾಂಕ್ ಓಡುತ್ತದೋ ಇಲ್ಲವೋ ಅನ್ನುವುದು ತೀರ್ಮಾನವಾಗುವುದು ಅಲ್ಲೇ.

ಶೆರ್ಮನ್ನಿನ ಟ್ರ್ಯಾಕಿಗೆ ಒಂದೊಂದು ಬದಿಯಲ್ಲಿ 79 ಕೊಂಡಿಗಳು. ಒಂದು ಕೊಂಡಿಯಿಂದ ಮುಂದಿನದಕ್ಕೆ 6 ಇಂಚು. ನಮ್ಮ ಮಾದರಿಯಲ್ಲಿ ಅದು ಸರಿಯಾಗಿ 1 ಇಂಚು, ಅಂದರೆ 25.4 ಮಿಲಿಮೀಟರ್. ಪ್ರತಿ ಕೊಂಡಿಯೂ 0.2 ಮಿಲಿಮೀಟರ್ ಉದ್ದವಾಯಿತು ಅಂದುಕೊಳ್ಳಿ. 79 ಸೇರಿದಾಗ ಟ್ರ್ಯಾಕ್ ಹೆಚ್ಚುಕಮ್ಮಿ 16 ಮಿಲಿಮೀಟರ್ ಜಾಸ್ತಿ. ಹಿಂದಿನ ಚಕ್ರವನ್ನು ಸರಿಸಿ ಆ ಸಡಿಲವನ್ನು ಎಳೆದುಕೊಳ್ಳಬಹುದು. ಆದರೆ ಮುಂಭಾಗದಲ್ಲಿ ಟ್ರ್ಯಾಕನ್ನು ಎಳೆಯುವ 13 ಹಲ್ಲಿನ ಚಕ್ರ, ಅಂದರೆ ಸ್ಪ್ರಾಕೆಟ್, ಸುಮ್ನೆ ಬಿಡುವುದಿಲ್ಲ. ಮೊದಲ ಹಲ್ಲು ಸರಿಯಾಗಿ ಕೂರುತ್ತದೆ. ಎರಡನೆಯದು ಕೂದಲೆಳೆಯಷ್ಟು ತಪ್ಪುತ್ತದೆ. ಆರನೇ ಕೊಂಡಿಯ ಹೊತ್ತಿಗೆ ವ್ಯತ್ಯಾಸ ಒಂದು ಮಿಲಿಮೀಟರ್ ಮುಟ್ಟಿರುತ್ತದೆ, ಹಲ್ಲು ಸಂದಿಗೆ ಇಳಿಯುವ ಬದಲು ಅಂಚಿನ ಮೇಲೆ ಹತ್ತುತ್ತದೆ. ಟಕ್ ಟಕ್ ಅಂತ ಸದ್ದು ಬರುತ್ತದೆ, ಟ್ರ್ಯಾಕ್ ಹಾರಿ ಬೀಳುತ್ತದೆ. ಅದಕ್ಕೇ ಉಕ್ಕಿನ ಒಂದೇ ಜಿಗ್ (ತೂತಿನ ಜಾಗ ತಪ್ಪದಂತೆ ಕೊಂಡಿಯನ್ನು ಹಿಡಿದಿಡುವ ಅಚ್ಚು) ಮಾಡಿಕೊಂಡು, ಎಲ್ಲ ಕೊಂಡಿಗೂ ಅದರಲ್ಲೇ ತೂತು ಕೊರೆಯಿರಿ. ಬೇಜಾರಿನ ಕೆಲಸ, ನಿಜ. ಇಡೀ ಮಾದರಿಯಲ್ಲಿ ನನಗೆ ಅತಿ ಇಷ್ಟವಾದ ಕೆಲಸವೂ ಅದೇ.

ಇನ್ನು ಮೋಟಾರು. ಅಸಲಿಯಲ್ಲಿ ಎಂಜಿನ್ ಹಿಂದೆ, ಗೇರ್‌ಬಾಕ್ಸ್ ಮುಂದೆ, ನಡುವೆ ಉದ್ದನೆಯ ಶಾಫ್ಟು. ನಮಗೆ ಆ ಗೋಜು ಬೇಡ. ಗಾಲಿಕುರ್ಚಿಯ 24 ವೋಲ್ಟಿನ ಎರಡು ಮೋಟಾರುಗಳನ್ನು ಮೂತಿಯಲ್ಲೇ ಕೂರಿಸಿ, ಬದಿಗೊಂದರಂತೆ. ವೇಗದ ಆಸೆ ಬೇಡ. ಅಸಲಿ ಶೆರ್ಮನ್ ರಸ್ತೆಯಲ್ಲಿ ಗಂಟೆಗೆ 40 ಕಿಲೊಮೀಟರ್ ಹತ್ತಿರ ಓಡುತ್ತಿತ್ತು, ನಮ್ಮ ಅಳತೆಗೆ ಅದು ಚುರುಕಾದ ನಡಿಗೆ ಅಷ್ಟೇ.

ಎರಡು ಮೋಟಾರು ಇದ್ದರೆ ಒಂದನ್ನು ಮುಂದಕ್ಕೆ, ಇನ್ನೊಂದನ್ನು ಹಿಂದಕ್ಕೆ ಓಡಿಸಿ ನಿಂತಲ್ಲೇ ಗಿರಕಿ ಹೊಡೆಸಬಹುದು. ಅಸಲಿ ಶೆರ್ಮನ್‌ಗೆ ಅದು ಆಗುತ್ತಿರಲಿಲ್ಲ. ಎಂಜಿನ್ನಿನ ಶಕ್ತಿಯನ್ನು ಎರಡೂ ಬದಿಗೆ ಹಂಚುವ ಅದರ ಡಿಫರೆನ್ಷಿಯಲ್ ಗೇರು ಒಂದು ಬದಿಯನ್ನು ನಿಧಾನ ಮಾಡುತ್ತಿತ್ತು, ಹಿಂದಕ್ಕೆ ತಿರುಗಿಸುತ್ತಿರಲಿಲ್ಲ. ನೀವೂ ಅಗಲವಾಗಿ ತಿರುಗಿಸಿ. ಗಿರಕಿಯಲ್ಲಿ ಟ್ರ್ಯಾಕ್ ಅಡ್ಡಡ್ಡ ಉಜ್ಜುತ್ತದೆ, ಮೋಟಾರು ವಿಪರೀತ ಕರೆಂಟು ಎಳೆಯುತ್ತದೆ.

ನೆಲಕ್ಕೆ ಇಳಿಸುವ ಮುಂಚೆ ಮಾದರಿಯನ್ನು ಸ್ಟ್ಯಾಂಡಿನ ಮೇಲೆ ಎತ್ತಿಟ್ಟು ಟ್ರ್ಯಾಕ್ ಓಡಿಸಿ. ಓಡುತ್ತಿರುವಾಗಲೇ ಕೈಯಲ್ಲಿರುವ ಟ್ರಾನ್ಸ್‌ಮಿಟರ್ ಆಫ್ ಮಾಡಿ. ಎರಡೂ ಮೋಟಾರು ಆ ಕ್ಷಣವೇ ನಿಲ್ಲಬೇಕು. ನಿಲ್ಲದಿದ್ದರೆ ರಿಸೀವರಿನ ಫೇಲ್‌ಸೇಫ್, ಅಂದರೆ ಸಿಗ್ನಲ್ ತಪ್ಪಿದಾಗ ಮೋಟಾರು ನಿಲ್ಲಿಸುವ ವ್ಯವಸ್ಥೆ, ಸರಿಮಾಡುವ ತನಕ ಇಳಿಸಬೇಡಿ.