ಖಾರಿಟಿಯೊನ್ ಮತ್ತು ದೇವಿಯ ಸೊತ್ತು
(ಉಡುಪಿಯಲ್ಲಿ ನೀಡಿದ ಉಪನ್ಯಾಸದ ಬರಹ ರೂಪ)

ಎಲ್ಲರಿಗೂ ನಮಸ್ಕಾರ. ಹೊರಗೆ ಇಷ್ಟು ಮಳೆ ಹೊಯ್ಯುತ್ತಿದ್ದರೂ ಬಂದಿದ್ದೀರಿ, ತುಂಬಾ ಖುಷಿಯಾಯಿತು. ನಾನು ಇವತ್ತು ಹೇಳಬೇಕೆಂದಿರುವ ಕಥೆಗೂ ಈ ಮಳೆಗೂ ಸಂಬಂಧ ಇದೆ.

ಈಜಿಪ್ಟಿನಲ್ಲಿ, ಕೈರೋದಿಂದ ಸುಮಾರು 160 ಕಿ.ಮೀ. ದಕ್ಷಿಣಕ್ಕೆ, ಆಕ್ಸಿರಿಂಕಸ್ ಎಂಬ ಹಳೆಯ ಊರಿತ್ತು. ಊರಿನವರು ಬೇಡವಾದ ಕಾಗದಪತ್ರಗಳನ್ನೆಲ್ಲ ಊರ ಹೊರಗೆ ಗುಡ್ಡೆ ಹಾಕುತ್ತಿದ್ದರು. ಕಾಗದ ಎಂದರೆ ಪಪೈರಸ್, ಜೊಂಡಿನಿಂದ ಮಾಡಿದ ಹಾಳೆ. ಅಲ್ಲಿ ಮಳೆ ಅನ್ನುವುದೇ ಅಪರೂಪ. ನಮ್ಮಲ್ಲಿ ತಾಳೆಗರಿಯ ಕಟ್ಟನ್ನು ಎರಡು ಮೂರು ನೂರು ವರ್ಷ ಉಳಿಸಿಕೊಳ್ಳುವುದೇ ಸಾಹಸ. ಅಲ್ಲಿ ಮರಳಿನಡಿ ಬಿದ್ದ ಕಸ ಎರಡು ಸಾವಿರ ವರ್ಷ ಉಳಿಯಿತು. 1896ರ ಕೊನೆಯಲ್ಲಿ ಗ್ರೆನ್‌ಫೆಲ್ ಮತ್ತು ಹಂಟ್ ಎಂಬ ಇಬ್ಬರು ಇಂಗ್ಲಿಷ್ ವಿದ್ವಾಂಸರು ಅಲ್ಲಿ ಅಗೆಯಲು ಶುರುಮಾಡಿದರು. ಸಿಕ್ಕಿದ್ದರಲ್ಲಿ ಒಂದು ಹಾಳೆಗೆ 413 ಎಂಬ ಸಂಖ್ಯೆ ಕೊಟ್ಟು 1903ರಲ್ಲಿ ಅಚ್ಚು ಮಾಡಿದರು. ಕ್ರಿ.ಶ. ಎರಡನೆಯ ಶತಮಾನದ ಬರವಣಿಗೆ. ಅದರಲ್ಲಿ ಒಂದು ನಗೆನಾಟಕದ ತುಂಡಿದೆ.

ಕಥೆ ಹೀಗೆ. ಖಾರಿಟಿಯೊನ್ ಎಂಬ ಗ್ರೀಕ್ ಹುಡುಗಿ ಭಾರತದ ಕಡಲತೀರದ ಒಬ್ಬ ರಾಜನ ಕೈಗೆ ಸಿಕ್ಕಿಕೊಂಡಿದ್ದಾಳೆ. ಅವಳು ಇರುವುದು ಒಂದು ದೇವಿಯ ಗುಡಿಯಲ್ಲಿ. ಅವಳ ಅಣ್ಣ ಹಡಗು ಕಟ್ಟಿಕೊಂಡು ಬಿಡಿಸಿಕೊಳ್ಳಲು ಬರುತ್ತಾನೆ. ಜೊತೆಗೆ ಒಬ್ಬ ಹಾಸ್ಯಗಾರ. ಉಪಾಯ ಏನು? ರಾಜನಿಗೂ ಅವನ ಕಡೆಯವರಿಗೂ ದ್ರಾಕ್ಷಿ ಮದ್ಯ ಕುಡಿಸುವುದು. ಗ್ರೀಕರು ಮದ್ಯಕ್ಕೆ ನೀರು ಬೆರೆಸಿ ಕುಡಿಯುವ ಜನ. ಇಲ್ಲಿ ಅದು ಮಾರಾಟಕ್ಕೇ ಸಿಗುವುದಿಲ್ಲ, ಸಿಕ್ಕಿದರೆ ಆಸೆಗೆ ಬಿದ್ದು ನೀರು ಬೆರೆಸದೆಯೇ ಕುಡಿಯುತ್ತಾರೆ ಎಂಬ ಲೆಕ್ಕಾಚಾರ. ಹಾಗೇ ಆಗುತ್ತದೆ. ಅಮಲೇರಿದ ರಾಜನನ್ನು ಕಟ್ಟಿಹಾಕಿ ಇವರು ಹಡಗಿನ ಕಡೆ ಓಡುತ್ತಾರೆ.

ಆ ಹಾಳೆಯಲ್ಲಿ ಇನ್ನೊಂದು ಸೊಗಸಿದೆ. ಮಾತಿನ ನಡುನಡುವೆ ಚಿಕ್ಕ ಗುರುತುಗಳಿವೆ: ಇಲ್ಲಿ ಚರ್ಮವಾದ್ಯ ಬಡಿಯಬೇಕು, ಇಲ್ಲಿ ಜೋರಾಗಿ ಬಡಿಯಬೇಕು ಎಂದು. ನಮ್ಮ ಯಕ್ಷಗಾನ ಪ್ರಸಂಗದ ಪುಸ್ತಕದಲ್ಲಿ ಪದ್ಯದ ತಲೆಯ ಮೇಲೆ ರಾಗ, ತಾಳ ಬರೆದಿರುತ್ತದೆ ಅಲ್ವಾ? ಥೇಟ್ ಹಾಗೆ. ಅಂದರೆ ಇದು ಓದುವವರಿಗಾಗಿ ಬರೆದದ್ದಲ್ಲ, ಆಟ ಆಡುವವರ ಕೈಯಲ್ಲಿದ್ದ ಪ್ರತಿ. ಚಂಡೆ ಕೇಳುತ್ತಾ ಬೆಳೆದ ನಮಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ.

ಈಗ ನೀವೆಲ್ಲ ಕಾಯುತ್ತಿರುವ ವಿಷಯಕ್ಕೆ ಬರುತ್ತೇನೆ. ರಾಜ ಮತ್ತು ಅವನ ಜನ ಗ್ರೀಕ್ ಅಲ್ಲದ ಒಂದು ಭಾಷೆಯಲ್ಲಿ ಮಾತಾಡುತ್ತಾರೆ. ಅದನ್ನು ಗ್ರೀಕ್ ಲಿಪಿಯಲ್ಲೇ ಬರೆದಿದ್ದಾರೆ. ಮದ್ಯ ಹಂಚುವಾಗ ಬರುವ ಒಂದು ಸಾಲನ್ನು ಇದ್ದ ಹಾಗೇ ಓದುತ್ತೇನೆ: ‘ಬೇರೇ ಕೊನ್ಜೆಯಿ ದಮುನ್ ಪೆತ್ರೆಕಿಯೋ ಪಕ್ತೆಯಿ.’ 1904ರಲ್ಲಿ ಹುಲ್ಶ್ ಎಂಬ ಜರ್ಮನ್ ಶಾಸನ ವಿದ್ವಾಂಸರು ಇದು ಕನ್ನಡ ಇರಬಹುದು ಎಂದರು. ಅವರು ಮದ್ರಾಸಿನಲ್ಲಿ ಬಹಳ ಕಾಲ ಕೆಲಸ ಮಾಡಿದವರು. ‘ಬೇರೆ ಕೊಂಚ ಮಧು ಪಾತ್ರಕ್ಕೆ ಹಾಕಿ’, ಇದು ಈ ಸಾಲಿನ ಕನ್ನಡ ಓದು. ಅರ್ಥಶಾಸ್ತ್ರದ ಹಸ್ತಪ್ರತಿಯನ್ನು ಬೆಳಕಿಗೆ ತಂದ ಮೈಸೂರಿನ ಶಾಮಶಾಸ್ತ್ರಿಗಳು ಈ ವಾದವನ್ನು ಮುಂದುವರಿಸಿದರು. ಮಂಜೇಶ್ವರದ ನಮ್ಮ ಗೋವಿಂದ ಪೈಗಳೂ ಇದರ ಬೆನ್ನು ಹತ್ತಿದರು. 1926ರಲ್ಲಿ ಬಾರ್ನೆಟ್ ಎಂಬ ಇಂಗ್ಲಿಷ್ ವಿದ್ವಾಂಸರು ಇದು ಕನ್ನಡ ಅಲ್ಲ ಎಂದು ವಾದಿಸಿದರು. ಮುಂದೆ 1980ರ ದಶಕದಲ್ಲಿ ಇದು ತುಳು ಎಂಬ ವಾದ ಬಂತು. ಆ ಗುಡಿ ನಮ್ಮ ಮಲ್ಪೆಯ ಕಡೆಯದು ಎಂದವರೂ ಇದ್ದಾರೆ.

ನನ್ನ ಅಭಿಪ್ರಾಯ ಕೇಳುತ್ತೀರಾದರೆ, ಆಸೆ ಇದೆ, ಆದರೆ ಪುರಾವೆ ಸಾಲದು. ಹಲ್ಮಿಡಿ ಶಾಸನ ಸುಮಾರು ಕ್ರಿ.ಶ. 450ರದ್ದು. ಈ ಹಾಳೆ ಅದಕ್ಕಿಂತ ಎರಡೂವರೆ ನೂರು ವರ್ಷಕ್ಕೂ ಹಳೆಯದು. ಇದು ಕನ್ನಡ ಎಂದಾದರೆ ಎಷ್ಟು ದೊಡ್ಡ ವಿಷಯ! ಹಾಗಾಗಿಯೇ ಜಾಸ್ತಿ ಎಚ್ಚರ ಬೇಕು. ‘ಬೇರೇ’ ಕಿವಿಗೆ ಸೀದಾ ಬೀಳುತ್ತದೆ. ‘ಕೊಂಚ’ ಕೂಡ ಹೌದೆನ್ನಿಸುತ್ತದೆ. ಆದರೆ ‘ದಮುನ್’ ಎಂಬುದು ‘ಮಧು’ ಆಗಬೇಕಾದರೆ ಅಕ್ಷರಗಳನ್ನು ಹಿಂದೆ ಮುಂದೆ ಮಾಡಬೇಕು. ಹಾಗೆ ಮಾಡುತ್ತಾ ಹೋದರೆ ಯಾವ ಭಾಷೆಯನ್ನು ಬೇಕಾದರೂ ಅಲ್ಲಿ ಕಾಣಬಹುದು.

ಇನ್ನೊಂದು ಕಷ್ಟವನ್ನು ನಾನೇ ಕಂಡಿದ್ದೇನೆ. ಒಮ್ಮೆ ಮಲ್ಪೆಯ ದಡದಲ್ಲಿ ಒಬ್ಬ ವಿದೇಶಿ ಪ್ರವಾಸಿ ತನ್ನ ಪುಟ್ಟ ಪುಸ್ತಕ ತೋರಿಸಿದರು. ಕೇಳಿದ ಮಾತುಗಳನ್ನೆಲ್ಲ ತಮ್ಮ ಲಿಪಿಯಲ್ಲಿ ಬರೆದಿಟ್ಟುಕೊಂಡಿದ್ದರು. ‘ಊಟ ಆಯ್ತಾ’ ಗೊತ್ತಾಯಿತು. ಉಳಿದ ನಾಲ್ಕೈದು ಸಾಲು ಎಷ್ಟು ಸಲ ಓದಿದರೂ ನನಗೂ, ಪಕ್ಕದಲ್ಲಿದ್ದ ಬಲೆ ಹೆಣೆಯುವ ಅಣ್ಣನಿಗೂ ಗೊತ್ತಾಗಲಿಲ್ಲ. ಅವು ಕನ್ನಡವೋ, ತುಳುವೋ, ಕೊಂಕಣಿಯೋ? ಹೇಳಿದವರು ಇದೇ ಊರಿನವರು, ಬರೆದು ವಾರವೂ ಆಗಿರಲಿಲ್ಲ. ಹಾಗಿರುವಾಗ ಯಾರೋ ನಾವಿಕ ಕೇಳಿ, ಅದನ್ನು ನಟ ಕಲಿತು, ಮತ್ತೊಬ್ಬ ನಕಲು ಮಾಡಿದ ಮಾತು ಹೇಗೆ ಉಳಿದೀತು?

ಆದರೆ ಆ ನಾವಿಕರು ಬರುತ್ತಿದ್ದದ್ದು ಮಾತ್ರ ಖಂಡಿತ. ಮಳೆಗಾಲದಲ್ಲಿ ನಮ್ಮ ದೋಣಿಗಳು ದಡ ಸೇರಿರುವಾಗ ಅವರು ಜುಲೈ ಹೊತ್ತಿಗೆ ಈಜಿಪ್ಟಿನ ಕೆಂಪು ಸಮುದ್ರದ ಬಂದರುಗಳಿಂದ ಹೊರಡುತ್ತಿದ್ದರು. ಇದೇ ನೈರುತ್ಯ ಗಾಳಿ ಅವರನ್ನು ಇತ್ತ ತಳ್ಳುತ್ತಿತ್ತು. ಗಾಳಿ ತಿರುಗಿದ ಮೇಲೆ, ಡಿಸೆಂಬರ್ ಹೊತ್ತಿಗೆ, ಒಳ್ಳೆಮೆಣಸು ತುಂಬಿಕೊಂಡು ವಾಪಸು. ಅವರ ಬೆರೆನಿಕೆ ಬಂದರಿನ ಒಂದು ದೇವಾಲಯದಲ್ಲಿ, ಭಾರತದಲ್ಲಿ ಮಾಡಿದ ಮಣ್ಣಿನ ಹಂಡೆಯೊಳಗೆ, ಏಳೂವರೆ ಕಿಲೋ ಒಳ್ಳೆಮೆಣಸು ಸಿಕ್ಕಿದೆ. ರೋಮಿನ ಪ್ಲಿನಿ ಈ ಕರಾವಳಿಯ ನಿತ್ರಿಯಾಸ್ ಎಂಬಲ್ಲಿ ಕಡಲ್ಗಳ್ಳರಿದ್ದಾರೆ ಎಂದು ಬರೆದ. ಆ ಹೆಸರಿನಲ್ಲಿ ನೇತ್ರಾವತಿಯನ್ನು ಕಂಡವರಿದ್ದಾರೆ.

ಭಾಷೆಯ ಜಗಳದಲ್ಲಿ ನಾವು ಮರೆತ ಒಂದು ಜಾಗ ಈ ನಾಟಕದಲ್ಲಿದೆ. ಅದನ್ನು ಹೇಳಬೇಕೆಂದೇ ನಾನು ಬಂದದ್ದು.

ಈ ನಗೆನಾಟಕದ ಹಿಂದೆ ಒಂದು ಗಂಭೀರ ನಾಟಕದ ನೆರಳಿದೆ. ಅಥೆನ್ಸಿನ ಯೂರಿಪಿಡೀಸ್ ಅದಕ್ಕಿಂತ ಸುಮಾರು ಐನೂರು ವರ್ಷ ಮೊದಲು ಬರೆದದ್ದು. ಅದರಲ್ಲಿ ಇಫಿಜೀನಿಯಾ ಎಂಬ ರಾಜಕುಮಾರಿ ಕಪ್ಪು ಸಮುದ್ರದಾಚೆ, ಈಗಿನ ಕ್ರಿಮಿಯಾದಲ್ಲಿ, ಆರ್ಟೆಮಿಸ್ ದೇವಿಯ ಗುಡಿಯಲ್ಲಿ ಸೇವೆ ಮಾಡುತ್ತಿರುತ್ತಾಳೆ. ಅಲ್ಲಿ ಪರದೇಶದವರು ಬಂದರೆ ದೇವಿಗೆ ಬಲಿ. ತಮ್ಮ ಒರೆಸ್ಟಿಸ್ ಬರುತ್ತಾನೆ, ಅಕ್ಕ ತಮ್ಮ ಒಬ್ಬರನ್ನೊಬ್ಬರು ಗುರುತು ಹಿಡಿಯುತ್ತಾರೆ. ವಿಗ್ರಹಕ್ಕೆ ಮೈಲಿಗೆಯಾಗಿದೆ, ಸಮುದ್ರದಲ್ಲಿ ತೊಳೆಯಬೇಕು ಎಂದು ರಾಜನನ್ನು ನಂಬಿಸುತ್ತಾರೆ. ಆ ವಿಗ್ರಹವನ್ನೇ ಹಡಗಿಗೆ ಹತ್ತಿಸಿಕೊಂಡು ಗ್ರೀಸಿಗೆ ಹೋಗಿಬಿಡುತ್ತಾರೆ. ಅಪೊಲೊ ದೇವರ ಅಪ್ಪಣೆಯೇ ಹಾಗಿತ್ತು ಎಂಬ ಸಮಾಧಾನ ಬೇರೆ. ಆ ಊರಿನ ಜನ ಮರುದಿನ ಯಾರಿಗೆ ಕೈಮುಗಿದರು? ನಾಟಕದಲ್ಲಿ ಅವರ ಸುದ್ದಿಯೇ ಇಲ್ಲ.

ಈಗ ನಮ್ಮ ಖಾರಿಟಿಯೊನ್ ನೋಡಿ. ಓಡಿಹೋಗುವ ಹೊತ್ತು. ಹಾಸ್ಯಗಾರ ಹೇಳುತ್ತಾನೆ: ಹೋಗುವಾಗ ದೇವಿಗೆ ಒಪ್ಪಿಸಿದ ಕಾಣಿಕೆಯಲ್ಲಿ ಏನಾದರೂ ಎತ್ತಿಕೊಂಡು ಹೋಗೋಣ. ಅವಳು ಅಲ್ಲೇ ತಡೆಯುತ್ತಾಳೆ. ಹಾಗನ್ನಬೇಡ, ದೇವರು ಕಾಪಾಡಲಿ ಎಂದು ಬೇಡುವವರು ದೇವರ ಸೊತ್ತಿಗೆ ಕೈಹಾಕಿ ಬೇಡಬಾರದು, ಕೆಟ್ಟ ಕೆಲಸ ಮಾಡಿ ದಯೆ ಕೇಳಿದರೆ ಅವರು ಹೇಗೆ ಕಿವಿಗೊಡುತ್ತಾರೆ? ಅವಳ ಮಾತಿನ ಸಾರ ಇದು.

ಇದನ್ನು ಮೊದಲ ಸಲ ಓದಿದಾಗ ನನಗೆ ನೆನಪಾದದ್ದು ನಮ್ಮ ಭಂಡಾರದ ಮನೆ, ತುಳುನಾಡಿನ ದೈವಗಳ ಸೊತ್ತನ್ನು ಇಡುವ ಮನೆ. ದೈವದ ಹಬ್ಬವಾದ ನೇಮದ ದಿನ ಭಂಡಾರ ಇಳಿಸುವಾಗ ಮನೆಯ ಹಿರಿಯರ ಕೈ ಹೇಗೆ ನಿಧಾನವಾಗುತ್ತದೆ ನೋಡಿದ್ದೀರಲ್ಲ. ಕಡ್ಸಲೆ ಎಂಬ ಬೆಳ್ಳಿಯ ಖಡ್ಗ, ಮೊಗ ಎಂಬ ಮುಖವಾಡ, ಬಟ್ಟೆಯ ಗಂಟು. ವರ್ಷವಿಡೀ ಒಂದು ಸಾದಾ ಕೋಣೆಯಲ್ಲಿ ಇರುತ್ತದೆ. ಮನೆಗೆ ಎಷ್ಟೇ ಕಷ್ಟ ಬಂದರೂ ಅದನ್ನು ಯಾರೂ ಮುಟ್ಟುವುದಿಲ್ಲ. ‘ಅದು ನಮ್ಮದಲ್ಲ’ ಎನ್ನುತ್ತಾರೆ, ಅಷ್ಟೇ.

ಖಾರಿಟಿಯೊನ್‌ಗೆ ಆ ದೇವಿ ಪರದೇಶದ ದೇವಿ. ತನ್ನನ್ನು ಹಿಡಿದಿಟ್ಟವರ ದೇವಿ. ಇಡೀ ನಾಟಕ ನಮ್ಮಂಥವರನ್ನು ಮಾತು ಬಾರದವರು, ಕುಡಿಯಲು ಬಾರದವರು ಎಂದು ನಗಾಡಿಸುತ್ತದೆ. ಆ ನಗುವಿನ ನಡುವೆ ಈ ಹುಡುಗಿ ಸುಮ್ನೆ ನಿಂತು, ಆ ಗುಡಿಯ ಒಂದು ಕಾಣಿಕೆಯನ್ನೂ ಕದಿಯಲು ಬಿಡುವುದಿಲ್ಲ. ಯೂರಿಪಿಡೀಸನ ರಾಜಕುಮಾರಿ ವಿಗ್ರಹವನ್ನೇ ಹೊತ್ತುಕೊಂಡು ಹೋದಳು. ಆ ಹಳೆಯ ಕಥೆಯನ್ನು ತಿರುಗಿಸಿ ಬರೆಯುವಾಗ, ಹೆಸರು ಗೊತ್ತಿಲ್ಲದ ಈ ನಾಟಕಕಾರ ಇಲ್ಲಿ ಬೇರೆ ದಾರಿ ಹಿಡಿದ. ಯಾಕೆ ಹಿಡಿದ? ಬಂದರಿನಿಂದ ಬಂದರಿಗೆ ಹೋಗುವ ಜನಕ್ಕೆ ಹೋದ ಕಡೆಯ ದೇವರ ಜೊತೆ ಜಗಳ ಆಗುವುದಿಲ್ಲ ಎಂಬುದು ಅವನಿಗೆ ಗೊತ್ತಿತ್ತು ಎಂದು ನನಗನ್ನಿಸುತ್ತದೆ. ನಡುಗಡಲಲ್ಲಿ ಗಾಳಿ ಎದ್ದರೆ ಯಾವ ದೇವಿ ಕೈಹಿಡಿಯುತ್ತಾಳೋ ಯಾರಿಗೆ ಗೊತ್ತು?

ಹಡಗು ಹತ್ತುವ ಹೊತ್ತಿಗೆ ಅವಳಿಗೆ ಹೆದರಿಕೆಯಾಗುತ್ತದೆ. ಆಗ ಅವಳು ಬೇಡಿಕೊಳ್ಳುವುದು ಆ ಗುಡಿಯ ದೇವಿಯನ್ನೇ. ತಾಯೀ, ದಯೆ ಇರಲಿ, ನಿನ್ನ ಸೇವಕಿಯನ್ನು ಕಾಪಾಡು ಎಂದು.