ಗೋಣಿಚೀಲಗಳು ಹೊರಡಲೇ ಇಲ್ಲ

ನಮಸ್ಕಾರ. ಈಗ ನೀವು ನೋಡುತ್ತಿರುವುದು ಕಾರವಾರದಲ್ಲಿ ನಾನು ಓದಿದ ಕಾಲೇಜಿನ ಎನ್‌ಎಸ್‌ಎಸ್ ಕೋಣೆ. 2015ರ ಏಪ್ರಿಲ್ 25ರಂದು ನೇಪಾಳದಲ್ಲಿ 7.8 ತೀವ್ರತೆಯ ಭೂಕಂಪವಾಯಿತು; ಸತ್ತವರ ಸಂಖ್ಯೆ ಕೊನೆಗೆ 9,000ದ ಹತ್ತಿರಕ್ಕೆ ಹೋಯಿತು. ಆ ವಾರ ನಾವು ಪರೀಕ್ಷೆಯ ಗಡಿಬಿಡಿಯಲ್ಲೂ ಮನೆಮನೆ ತಿರುಗಿ ಬಟ್ಟೆ ಕೂಡಿಸಿ, ಗೋಣಿಚೀಲಗಳಲ್ಲಿ ತುಂಬಿ, ಈ ಗೋಡೆಗೆ ಒರಗಿಸಿಟ್ಟಿದ್ದೆವು. ವಿಂಗಡಿಸಲು ಕುಳಿತಾಗ ಗುಂಡಿಯಿಲ್ಲದ ಅಂಗಿಗಳು, ಜರಿ ಕಿತ್ತುಹೋದ ಮದುವೆ ಸೀರೆ, ಒಂಟಿ ಚಪ್ಪಲಿ ಹೊರಬಂದವು. ಬೆಟ್ಟದ ಚಳಿಗೆ ಒದಗುವ ಕಂಬಳಿಗಳು ಎರಡೇ ಎರಡು. ಲಾರಿ ಬಾಡಿಗೆ ವಿಚಾರಿಸಿದರೆ ಅದು ಒಳಗಿದ್ದ ಬಟ್ಟೆಯ ಬೆಲೆಯನ್ನೇ ಮೀರಿಸುತ್ತಿತ್ತು. ಅಷ್ಟರಲ್ಲಿ ರಜೆ ಬಂತು, ಜೂನ್‌ನಲ್ಲಿ ಮಳೆ ಹಿಡಿಯಿತು. ಕಾಲೇಜು ತೆರೆದಾಗ ಚೀಲಗಳಿಗೆ ಬೂಷ್ಟು ಬಂದಿತ್ತು. ಗೋಡೆಯ ಬುಡದಲ್ಲಿ ಕಾಣುವ ಆ ಕಪ್ಪು ಕಲೆ ಅಂದಿನದೇ.

ಒಂದು ವೇಳೆ ಅವು ಹೊರಟಿದ್ದರೂ ಉಪಕಾರಕ್ಕಿಂತ ಉಪದ್ರವವೇ ಆಗುತ್ತಿತ್ತೇನೋ. ಕಠ್ಮಂಡುವಿನ ವಿಮಾನ ನಿಲ್ದಾಣಕ್ಕೆ ಇದ್ದದ್ದು ಒಂದೇ ಓಡುದಾರಿ. ಅದೂ ಹಾಳಾಗಿ, ಭಾರೀ ವಿಮಾನಗಳು ಇಳಿಯುವುದನ್ನು ಸ್ವಲ್ಪ ಕಾಲ ತಡೆಯಬೇಕಾಗಿತ್ತು. ಸುಮಾರು 5 ಲಕ್ಷ ಮನೆಗಳು ನೆಲಸಮವಾದ ಆ ನಾಡಿಗೆ ಮಳೆಗಾಲದೊಳಗೆ ಬೇಕಾಗಿದ್ದದ್ದು ತಾಡಪತ್ರಿ ಮತ್ತು ತಗಡು. ಜಡಿಮಳೆಯ ಕರಾವಳಿಯಲ್ಲಿ ಬೆಳೆದ ನಮಗೇ ಅದು ಹೊಳೆಯಲಿಲ್ಲ. ಹಣ ಕಳಿಸಿದ್ದರೆ ಅಲ್ಲಿನವರು ಬೇಕಾದುದನ್ನು ಹತ್ತಿರದಲ್ಲೇ ಕೊಳ್ಳುತ್ತಿದ್ದರು, ಮುಚ್ಚಿದ ಅಂಗಡಿಗಳಿಗೂ ಒಂದಿಷ್ಟು ವ್ಯಾಪಾರ ಆಗುತ್ತಿತ್ತು.

ಕ್ಯಾಂಪಸ್ಸಿನಲ್ಲಿ ಹಣ ಕಡಿಮೆ, ಕೈಗಳು ಹೆಚ್ಚು ಎಂಬುದು ನಿಜ. ಆದರೆ ಆ ಕೈಗಳಿಗೆ ಕುಳಿತಲ್ಲೇ ಕೆಲಸವಿದೆ. ಅದೇ ಭೂಕಂಪದ ಸಮಯದಲ್ಲಿ ಜಗತ್ತಿನ ಸಾವಿರಾರು ಸ್ವಯಂಸೇವಕರು ಉಪಗ್ರಹ ಚಿತ್ರಗಳನ್ನು ನೋಡುತ್ತ, ಯಾವ ನಕ್ಷೆಯಲ್ಲೂ ಇಲ್ಲದ ಹಳ್ಳಿದಾರಿಗಳನ್ನೂ ಮನೆಗಳನ್ನೂ ಓಪನ್‌ಸ್ಟ್ರೀಟ್‌ಮ್ಯಾಪ್ ಎಂಬ, ಯಾರು ಬೇಕಾದರೂ ತಿದ್ದಬಹುದಾದ ಅಂತರ್ಜಾಲ ನಕ್ಷೆಯಲ್ಲಿ ಗುರುತಿಸಿದರು. ಪರಿಹಾರ ತಂಡಗಳು ಆ ನಕ್ಷೆಯನ್ನು ಬಳಸಿದವು. ಸಂಜೆ ಬೀಗ ಬೀಳುವ ನಮ್ಮ ಕಂಪ್ಯೂಟರ್ ಲ್ಯಾಬಿನಲ್ಲಿ, ಒಂದು ದಿನ ಕಲಿಸಿದರೆ, ಇದನ್ನು ಯಾರೂ ಮಾಡಬಹುದು. ರಕ್ತದಾನದ ಬಗ್ಗೆ ಒಂದೇ ಮಾತು: ಸಂಗ್ರಹಿಸಿದ ರಕ್ತ ಸಾಮಾನ್ಯವಾಗಿ 35ರಿಂದ 42 ದಿನವಷ್ಟೇ ಬಾಳುವುದರಿಂದ, ಎಲ್ಲರೂ ಒಂದೇ ದಿನ ಸಾಲುಗಟ್ಟುವುದಕ್ಕಿಂತ ಸರದಿಯ ಪಟ್ಟಿ ಮಾಡಿಟ್ಟುಕೊಂಡು ಆಸ್ಪತ್ರೆ ಕರೆದಾಗ ಹೋಗುವುದು ಲೇಸು.

ಇನ್ನು ನನ್ನನ್ನು ಈಗಲೂ ಚುಚ್ಚುವ ಸಂಗತಿ. ಆ ಭೂಕಂಪದ ಕೇಂದ್ರ ಇದ್ದದ್ದು ಗೋರ್ಖಾ ಜಿಲ್ಲೆಯಲ್ಲಿ. ನಮ್ಮ ಹಾಸ್ಟೆಲಿನ ರಾತ್ರಿ ಕಾವಲಿನವರನ್ನು ನಾವು ಹೆಸರು ಕೇಳದೆ ಮೂರು ವರ್ಷ ‘ಗೂರ್ಖಾ’ ಎಂದೇ ಕರೆದಿದ್ದೆವು. ಆ ಶಬ್ದ ಬಂದದ್ದೂ ಅದೇ ಊರಿನ ಹೆಸರಿನಿಂದ ಎಂಬುದು ಆಮೇಲೆ ತಿಳಿಯಿತು. ನಾವು ಚೀಲದ ಬಾಯಿ ಹೊಲಿಯುತ್ತಿದ್ದಾಗ ಅವರು ಮನೆಯವರ ಫೋನು ಸಿಗದೆ ಐದು ದಿನ ಮೆಟ್ಟಿಲ ಮೇಲೆ ಕುಳಿತಿದ್ದರು. ಅದನ್ನು ಗಮನಿಸಿದವರು ಮೆಸ್ಸಿನ ಅಡುಗೆಯ ಅಕ್ಕ. “ನಿಮ್ಮ ಚೀಲ ಆಮೇಲಾಯ್ತು, ಮೊದ್ಲು ಇವ್ರನ್ನ ಊರಿಗೆ ಕಳ್ಸಿ” ಎಂದು ಅವರು ಗದರಿದ ಮೇಲೆಯೇ ನಾವು ಓಡಾಡಿ, ಸಂಬಳದ ಮುಂಗಡ ಕೊಡಿಸಿ, ಮುಂಬಯಿ ಮೇಲಾಗಿ ನೇಪಾಳದ ಗಡಿಗೆ ಹತ್ತಿರದ ಗೋರಖಪುರಕ್ಕೆ ಟಿಕೆಟ್ ಮಾಡಿಸಿದೆವು. ಮೇ 12ರಂದು 7.3 ತೀವ್ರತೆಯಲ್ಲಿ ನೆಲ ಮತ್ತೆ ನಡುಗಿದಾಗ ಅವರು ಅಲ್ಲೇ ಇದ್ದರು. ದೀಪಾವಳಿ ಕಳೆದು ಮರಳಿದರು. ಆ ಮುಂಗಡದಲ್ಲಿ ತಗಡು ಕೊಂಡೆ ಎಂದರು. ಅದನ್ನು ಅವರ ಸಂಬಳದಿಂದ ತಿಂಗಳು ತಿಂಗಳು ಕಡಿದುಕೊಳ್ಳುತ್ತಿದ್ದರೆಂದು ನಮಗೆ ಗೊತ್ತಾಗುವಷ್ಟರಲ್ಲಿ ಕೊನೆಯ ಕಂತು ಮುಗಿದಿತ್ತು.

ಈ ವರ್ಷ ನಾವು ಕೆಲವು ಹಳೆಯ ವಿದ್ಯಾರ್ಥಿಗಳು ಸೇರಿ ಇಲ್ಲೊಂದು ತುರ್ತು ನಿಧಿ ತೆರೆದಿದ್ದೇವೆ. ದಾಖಲೆ ಪುಸ್ತಕದ ಮೊದಲ ಪುಟವನ್ನು ಹತ್ತಿರದಿಂದ ತೋರಿಸುತ್ತೇನೆ, ಓದಿ: ‘ಕ್ಯಾಂಪಸ್ಸಿನಲ್ಲಿ ಓದುವ ಅಥವಾ ದುಡಿಯುವವರ ಊರಿಗೆ ಆಪತ್ತು ಬಂದರೆ, ಅವರಿಗೆ ಹೋಗಿಬರುವ ಖರ್ಚು ಮೊದಲು. ಅದು ಸಾಲವಲ್ಲ.’