ರಮ್ಮೇ ರೊಕ್ಕವಾಗಿದ್ದ ಊರು

ಎಲ್ಲರಿಗೂ ನಮಸ್ಕಾರ.

ಕಾಕಂಬಿಯನ್ನು ಹುಳಿ ಬರಿಸಿ ಭಟ್ಟಿ ಇಳಿಸಿದರೆ ರಮ್ ಸಿಗುತ್ತದೆ. ಅಷ್ಟು ನಿಮಗೆಲ್ಲ ಗೊತ್ತು. ಕೆಲವರಿಗೆ ಜಾಸ್ತಿಯೇ ಗೊತ್ತಿರಬಹುದು! ಆದರೆ ಇನ್ನೂರು ವರ್ಷದ ಹಿಂದೆ ಆಸ್ಟ್ರೇಲಿಯಾದ ಸಿಡ್ನಿಯಲ್ಲಿ ರಮ್ ಅಂದರೆ ಅದೊಂದೇ ಅಲ್ಲ. ಬ್ರಾಂದಿಯಾಗಲಿ, ಜಿನ್ ಆಗಲಿ, ಹಡಗಿನಿಂದ ಇಳಿದ ಕಟುವಾದ ಮದ್ಯ ಯಾವುದಿದ್ದರೂ ಜನರ ಬಾಯಲ್ಲಿ ಅದು ರಮ್ಮೇ. ಕೂಲಿ ಕೊಡುವುದಕ್ಕೂ ಅದೇ, ಸಾಮಾನು ಕೊಳ್ಳುವುದಕ್ಕೂ ಅದೇ.

1788ರಲ್ಲಿ ಬ್ರಿಟಿಷರು ಅಲ್ಲಿ ಕೈದಿಗಳ ವಸಾಹತು ಶುರು ಮಾಡಿದರು. ನಾಣ್ಯದ ವ್ಯವಸ್ಥೆ ಮಾತ್ರ ಮಾಡಲಿಲ್ಲ. ಬಂದ ಚೂರುಪಾರು ಬೆಳ್ಳಿಯೂ ಸಾಮಾನು ತಂದ ಹಡಗಿನವರ ಜೇಬು ಸೇರಿ ಊರು ಬಿಡುತ್ತಿತ್ತು. ಸೈನ್ಯದ ಅಧಿಕಾರಿಗಳ ಸಂಬಳದ ಹುಂಡಿಗೆ ಲಂಡನ್ನಿನಲ್ಲಿ ಬೆಲೆಯಿತ್ತು. ಅವರು ಅದನ್ನು ಕೊಟ್ಟು ಹಡಗಿನ ಸರಕನ್ನು ಸಗಟಾಗಿ ಎತ್ತಿಕೊಂಡು, ದುಪ್ಪಟ್ಟು ಮುಪ್ಪಟ್ಟಿಗೆ ಮಾರಿದರು. ಪೀಪಾಯಿ ಯಾರ ಮನೆಯಲ್ಲಿತ್ತೋ, ಊರು ಅವರ ಮಾತು ಕೇಳುತ್ತಿತ್ತು.

1806ರಲ್ಲಿ ಗವರ್ನರ್ ಆಗಿ ಬಂದ ವಿಲಿಯಂ ಬ್ಲೈ, ಮದ್ಯ ಕೊಟ್ಟು ವ್ಯವಹಾರ ಮಾಡಬಾರದು ಎಂದ. 1808ರ ಜನವರಿ 26ರಂದು ಸೈನ್ಯವೇ ಹೋಗಿ ಅವನನ್ನು ಬಂಧಿಸಿತು. ಇದಕ್ಕೆ ‘ರಮ್ ದಂಗೆ’ ಅನ್ನುವ ಹೆಸರು ಬಿದ್ದದ್ದು ಎಷ್ಟೋ ವರ್ಷದ ಮೇಲೆ. ನನ್ನನ್ನು ಕೇಳಿದರೆ ಹೆಸರು ಅರ್ಧ ಮಾತ್ರ ಸರಿ. ಜಮೀನಿನ ಜಗಳವಿತ್ತು, ಬ್ಲೈನ ಬಿರುನಾಲಿಗೆಯೂ ಇತ್ತು. ಹಿಂದೆ ಬೌಂಟಿ ಹಡಗಿನಲ್ಲೂ ಅವನ ಮೇಲೆ ದಂಗೆ ಎದ್ದಿದ್ದರು, ಅಲ್ವಾ?

ಮುಂದೆ ಬಂದವನು ಲಾಕ್ಲನ್ ಮೆಕ್ವಾರಿ. 1799ರಲ್ಲಿ ಶ್ರೀರಂಗಪಟ್ಟಣಕ್ಕೆ ಮುತ್ತಿಗೆ ಹಾಕಿದ ಬ್ರಿಟಿಷ್ ಸೈನ್ಯದಲ್ಲಿ ಈತನೂ ಇದ್ದ. ಸಿಡ್ನಿಗೆ ಆಸ್ಪತ್ರೆ ಬೇಕಿತ್ತು, ಲಂಡನ್ ದುಡ್ಡು ಬಿಚ್ಚಲಿಲ್ಲ. 1810ರಲ್ಲಿ ಮೂವರು ಗುತ್ತಿಗೆದಾರರ ಜೊತೆ ಒಪ್ಪಂದವಾಯಿತು. ಆಸ್ಪತ್ರೆ ಅವರು ಕಟ್ಟಬೇಕು, ಬದಲಿಗೆ 45,000 ಗ್ಯಾಲನ್ ಮದ್ಯ ತರಿಸುವ ಹಕ್ಕು ಅವರದು. ಆಮೇಲೆ ಅದನ್ನು 60,000ಕ್ಕೆ ಏರಿಸಿದರು. ಕಟ್ಟಡವನ್ನು ಪರೀಕ್ಷಿಸಿದ ವಾಸ್ತುಶಿಲ್ಪಿ ಫ್ರಾನ್ಸಿಸ್ ಗ್ರೀನ್‌ವೇ ಕಳಪೆ ಕೆಲಸವನ್ನು ಎತ್ತಿ ತೋರಿಸಿದ. ಅವನೇ ಖೋಟಾ ಪತ್ರ ಮಾಡಿ ಗಡೀಪಾರಾಗಿ ಬಂದವನು! ಹಾಗಿದ್ದೂ ಮುಂದೆ ಆಸ್ಟ್ರೇಲಿಯಾದ 10 ಡಾಲರ್ ನೋಟಿನ ಮೇಲೆ ಅವನ ಚಿತ್ರ ಬಂತು. ‘ರಮ್ ಆಸ್ಪತ್ರೆ’ಯ ಒಂದು ಭಾಗದಲ್ಲಿ ಇವತ್ತು ನ್ಯೂ ಸೌತ್ ವೇಲ್ಸ್ ಸಂಸತ್ತು ನಡೆಯುತ್ತದೆ.

ರಮ್ಮಿನ ಜಾಗಕ್ಕೆ ನಾಣ್ಯ ತಂದ ಉಪಾಯ ಇನ್ನೂ ಸೊಗಸು. 1812ರಲ್ಲಿ ಮದ್ರಾಸಿನಿಂದ 40,000 ಸ್ಪ್ಯಾನಿಷ್ ಬೆಳ್ಳಿ ಡಾಲರ್ ಹಡಗಿನಲ್ಲಿ ಹೋದವು. ಹಾಗೇ ಬಿಟ್ಟರೆ ಅವೂ ವಾಪಸ್ ಹಡಗು ಹತ್ತುತ್ತಿದ್ದವು. ಅದಕ್ಕೆ ಮೆಕ್ವಾರಿ ಪ್ರತಿ ನಾಣ್ಯದ ನಡುವೆ ತೂತು ಹೊಡೆಸಿದ. ಉಳಿದ ಬಳೆಗೆ 5 ಶಿಲಿಂಗ್ ಬೆಲೆ ಕಟ್ಟಿದ. ಇಡೀ ಡಾಲರಿನ ಬೆಲೆಯೇ ಸುಮಾರು ಅಷ್ಟು. ಕಿತ್ತ ಬಿಲ್ಲೆಗೆ ಮತ್ತೆ 15 ಪೆನ್ನಿ! ಹೊರಗಡೆ ಬೆಳ್ಳಿಯ ತೂಕಕ್ಕೆ ಮಾರಿದರೆ ನಷ್ಟ, ಹಾಗಾಗಿ ಅವು ಊರಲ್ಲೇ ಉಳಿದವು. ತೂತು ಹೊಡೆದು ಅಚ್ಚು ಹಾಕಿದವನು ವಿಲಿಯಂ ಹೆನ್ಶಲ್. ಇವನಿಗೂ ಖೋಟಾ ನಾಣ್ಯದ ಕೇಸಿನಲ್ಲಿ ಶಿಕ್ಷೆಯಾಗಿತ್ತು. ಕೆಲಸ ಬಲ್ಲವನು ಅವನೇ, ಇನ್ಯಾರನ್ನು ಕರೆಯುವುದು?

ನಾಣ್ಯದ ಚಿತ್ರ ತಂದಿದ್ದೇನೆ, ಕೈಯಿಂದ ಕೈಗೆ ದಾಟಿಸಿ. ಅಷ್ಟರಲ್ಲಿ ಪ್ರಶ್ನೆಗಳಿದ್ದರೆ ಕೇಳಿ.